ಮುನಿಗಂಗಮ್ಮ ಹುಡುಕಿಸಿದ ಕೊನೆಯ ಪುಟ

ಮುನಿಗಂಗಮ್ಮ ಗಂಡನ ಮನೆ ಬಿಟ್ಟಿದ್ದು ಅರ್ಧ ಕತೆಯ ಬಲದ ಮೇಲೆ. ಓಕಳಿಪುರಂನ ಆ ಮನೆಗೆ ಗಂಡ ಇನ್ನೊಬ್ಬಳನ್ನು ಕರೆತಂದು, "ಇಬ್ರೂ ಹೊಂದ್ಕೊಂಡು ಹೋಗಿ" ಅಂದಿದ್ದ. ಅದೇ ವಾರ ಕೊತ್ತಂಬರಿ ಸೊಪ್ಪು ಸುತ್ತಿಕೊಂಡು ಬಂದ ವಾರಪತ್ರಿಕೆಯ ಹಾಳೆಯ ಕತೆಯಲ್ಲಿ ಅವಳಂಥವಳೇ ಒಬ್ಬಳು, ಮಾನಸ, ಕೂಸನ್ನೆತ್ತಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಬಸ್ಸು ಬಂತು. ಕಂಡಕ್ಟರ್ "ಹತ್ತಮ್ಮಾ" ಅಂದ. ಅಲ್ಲಿಗೆ ಹಾಳೆ ಮುಗಿದಿತ್ತು. ಕತೆಯ ಹೆಸರಿಲ್ಲ, ಬರೆದವರ ಹೆಸರಿಲ್ಲ. ಹತ್ತದೇ ಇರುತ್ತಾಳೆಯೇ ಅಂದುಕೊಂಡು ಮುನಿಗಂಗಮ್ಮ ಆಗಿನ್ನೂ ಅಂಬೆಗಾಲಿಡದ ರಮ್ಯಾಳನ್ನು ಕಂಕುಳಲ್ಲಿಟ್ಟು ಹೊರಟುಬಂದಳು. ಕೃಷ್ಣರಾಜ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿ ಮಗಳನ್ನು ಓದಿಸಿದಳು.

ಆ ರಮ್ಯಾ ಈಗ ಕಾಲೇಜಿನಲ್ಲಿ ಕನ್ನಡ ಮೇಡಂ. ಬಾಣಂತನಕ್ಕೆಂದು ಚಾಮರಾಜಪೇಟೆಯ ಅಮ್ಮನ ಮನೆಗೆ ಬಂದಿದ್ದಾಳೆ. ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದೆಂದು ಮುನಿಗಂಗಮ್ಮ ಲ್ಯಾಪ್‌ಟಾಪನ್ನು ಬೀರುವಿಗೆ ಸೇರಿಸಿದ್ದಳು. ಗ್ರಂಥಾಲಯದ ಹಳೇ ಪತ್ರಿಕೆಗಳನ್ನು ಈಗ ಮನೆಯಲ್ಲೇ ಕೂತು ನೋಡಬಹುದು ಎಂದು ರಮ್ಯಾ ಮಾತಿಗೆ ಅಂದದ್ದೇ ತಡ, ಮುನಿಗಂಗಮ್ಮ ತಾನೇ ಬೀರು ತೆಗೆದಳು.

"ಹಂಗಾದ್ರೆ ನನ್ ಮಾನಸನ ಹುಡುಕು."

"ಅಮ್ಮಾ, ಇದು ಲೇಖಕರ ಹೆಸರು ಕೇಳುತ್ತೆ, ಇಲ್ಲಾ ಕತೆ ಹೆಸರು. ಒಳಗಿರೋದೆಲ್ಲ ಪುಟದ ಫೋಟೋ. ಮಾನಸ ಅಂದ್ರೆ ಅದಕ್ಕೆ ಗೊತ್ತಾಗಲ್ಲ."

"ಫೋಟೋ ತಾನೇ? ಒಂದೊಂದೇ ತಿರುವು. ಸೊಪ್ಪಲ್ಲಿ ಕಳೆ ಆರ್ಸಲ್ವಾ ನಾನು?"

ಮಗು ಮಲಗಿದಾಗಲೆಲ್ಲ ರಮ್ಯಾ ತಾನು ಕೂಸಾಗಿದ್ದ ವರ್ಷದ ಸಂಚಿಕೆಗಳನ್ನು ತಿರುವಿದಳು. ವರ್ಷ ಮುಗಿಯಿತು, ಮಾನಸ ಸಿಗಲಿಲ್ಲ.

ಮುನಿಗಂಗಮ್ಮನ ತಮ್ಮ ಚಿಕ್ಕಮುನಿಯಪ್ಪ ಬಾಣಂತಿಗೆ ಸಬ್ಬಸಿಗೆ ಸೊಪ್ಪು ತಂದ. ಆಗ ಅಕ್ಕನನ್ನು ಗಂಡನ ಮನೆಗೆ ವಾಪಸ್ ಕಳಿಸಲು ಊರೆಲ್ಲ ಓಡಾಡಿದವನು ಅವನೇ.

"ಏನಕ್ಕಾ, ಆ ಬಸ್ಸು ಇನ್ನೂ ಹೊರಟಿಲ್ವಾ?"

"ನೀನು ಅಡ್ಡ ನಿಂತ್ರೆ ಹೆಂಗ್ ಹೊರಡುತ್ತೆ?"

ಸೊಪ್ಪು ಬಿಚ್ಚುತ್ತಿದ್ದವಳು ಸುತ್ತಿದ್ದ ಪೇಪರನ್ನೇ ನೋಡಿದಳು. ಯಾವುದೋ ಕಾಲದ ಯುಗಾದಿ ಸೀರೆ ಜಾಹೀರಾತು.

"ಅಯ್ಯೋ ನನ್ ಬುದ್ಧಿಗಿಷ್ಟು! ರಮ್ಯಾ, ಅದರ್ ಹಿಂದಿನ್ ವರ್ಷದ್ದು ತೆಗಿ. ರದ್ದಿ ಅಂಗಡಿಲಿ ಬಿದ್ದಿದ್ದು ಸೊಪ್ಪಿನೋರ ಕೈಗೆ ಬರೋ ಹೊತ್ಗೆ ಪೇಪರ್ ಹಳಸಿರುತ್ತೆ."

ಹಿಂದಿನ ವರ್ಷದ ಮಳೆಗಾಲದ ಸಂಚಿಕೆಯಲ್ಲಿ ಕಂಡಕ್ಟರ್ ಸಿಕ್ಕಿದ. ಬರೆದವರು ಗಿರಿಜಾಂಬಾ. ರಮ್ಯಾ ಮುಂದಿನ ಪುಟವನ್ನು ಜೋರಾಗಿ ಓದತೊಡಗಿ ತಡವರಿಸಿದಳು. ಬೇರೇನಾದರೂ ಕಟ್ಟಿ ಹೇಳಿಬಿಡಲೇ ಎನಿಸಿತು. ಆದರೆ ಅಮ್ಮನಿಗೆ ಓದು ಬರುತ್ತದೆ. ಇದ್ದದ್ದನ್ನೇ ಓದಿದಳು.

ಬಸ್ಸು ಹೊರಟುಹೋಗಿತ್ತು. ಮಾನಸ ಹತ್ತಿರಲಿಲ್ಲ. ಮನೆಗೆ ಮರಳಿ, ಗಂಡನ ಕಾಲು ಮುಟ್ಟಿ, ಸವತಿಯ ಪಕ್ಕ ಒಲೆ ಮುಂದೆ ಕೂತಿದ್ದಳು.

ಚಿಕ್ಕಮುನಿಯಪ್ಪ ತೊಡೆ ತಟ್ಟಿದ. "ನೋಡ್ದ್ಯಾ! ನಾನ್ ಆವತ್ತೇ ಬಡ್ಕೊಂಡೆ. ಓದಿದೋರೂ ಅದ್ನೇ ಬರ್ದವ್ರೆ."

ಮುನಿಗಂಗಮ್ಮ ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು ತಾನೇ ಓದಿದಳು.

"ತಪ್ಪು ಬರ್ದವ್ಳೆ."

"ಕತೇಲಿ ಎಂಥಾ ತಪ್ಪಕ್ಕಾ?"

"ಕಂಡಕ್ಟರೇ ಹತ್ತಮ್ಮಾ ಅಂದವ್ನೆ. ಅವಳನ್ನ ಹತ್ಸೋಕೆ ಈ ಬರ್ದೋಳಿಗೆ ಧೈರ್ಯ ಸಾಲಲಿಲ್ಲ. ನಂಗೆ ಸಾಲ್ತು. ನಾನೂ ಒಲೆ ಮುಂದೆ ಕೂತಿದ್ರೆ ಈ ಮೇಡಂ ಎಲ್ಲಿರೋಳು? ನೀನು ಬಂದು ಕಾಲುಚಾಚೋಕೆ ಈ ಮನೆ ಎಲ್ಲಿರೋದು?"

ಚಿಕ್ಕಮುನಿಯಪ್ಪ ಚಾಚಿದ್ದ ಕಾಲನ್ನು ಮಡಚಿಕೊಂಡ. ರಮ್ಯಾ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಹೋದಳು.

"ಯಾಕೆ ಮುಚ್ತೀಯ? ಈಗ ಹೆಸರು ಸಿಕ್ತಲ್ಲ, ಹಾಕು. ಆಮೇಲೆ ಏನೇನು ಬರ್ದವ್ಳೆ ನೋಡೋಣ. ವಯಸ್ಸಾದ್ಮೇಲಾದ್ರೂ ಬುದ್ಧಿ ಬಂತೋ ಇಲ್ವೋ ನಂಗೆ ಗೊತ್ತಾಗ್ಬೇಕು."

ಲೇಖಕರ ಹೆಸರಿನ ಜಾಗದಲ್ಲಿ ರಮ್ಯಾ 'ಗಿರಿಜಾಂಬಾ' ಎಂದು ಬರೆದಳು. ಪರದೆ ತುಂಬ ಕತೆಗಳು ಸಾಲಾಗಿ ಬಂದವು. ಎದ್ದು ಅಳತೊಡಗಿದ ಮಗುವನ್ನು ಮುನಿಗಂಗಮ್ಮ ಹೆಗಲಿಗೆ ಹಾಕಿಕೊಂಡಳು.

"ಮೊದ್ಲಿಂದ ಓದು. ಒಂದೂ ಬಿಡ್ಬೇಡ."