ನಾಗಯ್ಯನ ನಲವತ್ತು ಮೈಕ್ರಾನ್

ನಾಗಯ್ಯನ ಬಾಯಿಂದ ಒಂದು ‘ಹೂಂ’ ಹೊರಡಿಸೋದು ಸಾಮಾನ್ಯದ ಕೆಲಸವಲ್ಲ. ಮದ್ದೂರಿನ ಪಕ್ಕದ ವರ್ಕ್‌ಷಾಪೊಂದರಲ್ಲಿ ಒಂಬತ್ತು ವರ್ಷದಿಂದ ದುಡೀತಿದ್ದ ಈ ಐವತ್ತಾರರ ಮನುಷ್ಯ ಯಾವುದನ್ನೂ ಸುಮ್ಮನೆ ಒಪ್ಪಿಕೊಂಡವನಲ್ಲ. ಹೆಂಡತಿ ಮಹದೇವಮ್ಮನ ಸಾರಿಗೆ ಮೂವತ್ತು ವರ್ಷದಿಂದ ಮೂಗು ಮುರೀತಾನೆ, ಆಮೇಲೆ ಎರಡು ಸಲ ಬಡಿಸಿಕೊಂಡು ಉಣ್ಣುತ್ತಾನೆ. ಹೆಣ್ಣು ನೋಡೋಕೆ ಹೋದ ದಿನ ಹೆಣ್ಣಿಗಿಂತ ಮುಂಚೆ ಅವರ ಮನೆ ಬಾಗಿಲ ಚೌಕಟ್ಟು ನೋಡಿ, ವಾರೆಯಾಗಿದೆ ಅಂತ ಎಲ್ಲರೆದುರು ಹೇಳಿ, ಮಾವನಾಗೋನ ಮುಖ ಕೆಡಿಸಿದ್ದ. ಚೌಕಟ್ಟು ವಾರೆಯಾಗಿದ್ದದ್ದೂ ನಿಜ. ಅದೇ ನೋಡಿ ತೊಂದರೆ. ನಾಗಯ್ಯ ಹೇಳಿದ್ದು ಮುಕ್ಕಾಲುಪಾಲು ನಿಜವೇ ಆಗಿರುತ್ತಿತ್ತು, ಅದಕ್ಕೇ ಅವನ ಕೊಬ್ಬು ಇಳಿಸೋರು ಯಾರೂ ಹುಟ್ಟಿರಲಿಲ್ಲ.

ಬೆಳೆದಿದ್ದು ಕರೆಂಟು ತಯಾರಿಸೋ ಊರು ಬ್ಲಫ್‌ನಲ್ಲಿ. ಅಪ್ಪ ಪವರ್ ಹೌಸಿನಲ್ಲಿ ಫಿಟ್ಟರ್, ಊಟಕ್ಕೆ ಕೂತರೂ ಷಾಫ್ಟು, ಬೇರಿಂಗಿನ ಮಾತೇ. ಮಂಡ್ಯದಲ್ಲಿ ಐಟಿಐ ಮುಗಿಸಿದ ನಾಗಯ್ಯ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಕೆಲಸ ಮಾಡಿ, ಅದು ಬಾಗಿಲು ಹಾಕಿದ ಮೇಲೆ ಈ ಕಡೆ ಬಂದ. ಬರೋವಾಗ ಒಂದು ಮರದ ಪೆಟ್ಟಿಗೆ ತಂದ. ಅದರೊಳಗೆ ಅವನೇ ಕೈಯಾರೆ ಗ್ರೈಂಡ್ ಮಾಡಿದ ಟೆಸ್ಟ್ ಬಾರು. ಮೊಳದುದ್ದದ ಉಕ್ಕಿನ ಸರಳು, ಬುಡ ಬುಗುರಿಯಂಗೆ ಇಳಿಜಾರು, ಉಳಿದ ಮೈಯೆಲ್ಲ ನುಣುಪು ದುಂಡು, ನಡುವೆ ‘ನಾ’ ಅಂತ ಒಂದು ಅಕ್ಷರದ ಗುದ್ದು. ಬುಡವನ್ನು ಮಿಷಿನ್ನಿನ ತಿರುಗೋ ಮೂತಿಗೆ, ಅಂದರೆ ಸ್ಪಿಂಡಲ್ಲಿಗೆ ಸಿಗಿಸಿ, ತುದಿಗೆ ಡಯಲ್ ಮುಟ್ಟಿಸಿ ತಿರುಗಿಸಿದರೆ ಸ್ಪಿಂಡಲ್ ನೆಟ್ಟಗಿದೆಯೋ ಸೊಟ್ಟಗಿದೆಯೋ ಡಯಲಿನ ಮುಳ್ಳು ಹೇಳುತ್ತೆ.

ಮದ್ದೂರಿನ ಶಾಪಿನಲ್ಲಿ ಇದ್ದದ್ದೆಲ್ಲ ಹಳೇ ಲೇತುಗಳು, ಅವುಗಳ ಮೂತಿಗೆ ಕೂರದ ಈ ಟೆಸ್ಟ್ ಬಾರಿಗೆ ಒಂಬತ್ತು ವರ್ಷ ಒಂದು ದಿನವೂ ಕೆಲಸ ಬೀಳಲಿಲ್ಲ. ಆದರೆ ಪೂಜೆ ಮಾತ್ರ ತಪ್ಪಲಿಲ್ಲ. ಪ್ರತಿ ಆಯುಧಪೂಜೆಗೂ ಪೆಟ್ಟಿಗೆ ತೆಗೆದು, ಎಣ್ಣೆ ಸವರಿ, ಬುಡಕ್ಕೆ ಅರಿಶಿನ ಕುಂಕುಮದ ಬೊಟ್ಟಿಟ್ಟು ಕೈ ಮುಗಿಯುತ್ತಿದ್ದ. ಅಳೆಯೋ ಮೈಗೆ ಬೊಟ್ಟಿಡಬಾರದು ಅನ್ನೋಷ್ಟು ಬುದ್ಧಿ ಅವನಿಗಿತ್ತಲ್ಲ! ಬೊಟ್ಟನ್ನು ಉಜ್ಜಿ ತೆಗೆಯೋಕೆ ಮಾತ್ರ ಮನಸ್ಸು ಬರುತ್ತಿರಲಿಲ್ಲ, ದೇವರದ್ದು ಅಂತ.

ಈ ವರ್ಷ ಶಾಪಿನ ಯಜಮಾನ ಅಪ್ಪುವಿಗೆ ಒಂದು ದೊಡ್ಡ ಆರ್ಡರ್ ಬಂತು. ಆಲೆಮನೆಗಳ ಕಬ್ಬಿನ ಗಾಣಕ್ಕೆ ಬೇರಿಂಗ್ ಕೂರಿಸೋ ಬೀಡಿನ, ಅಂದರೆ ಎರಕದ ಕಬ್ಬಿಣದ ಮನೆಗಳು, ವಾರಕ್ಕೆ ನೂರು. ಲೇತಿನಲ್ಲಿ ಏಳೋ ಕೆಲಸವಲ್ಲ. ಪ್ರೋಗ್ರಾಂ ಹಾಕಿದರೆ ತಾನೇ ಟೂಲ್ ಬದಲಾಯಿಸಿಕೊಂಡು ಮೇಲಿಂದ ಇಳಿದು ಕೊರೆಯೋ ವಿಎಂಸಿ ಮಿಷಿನ್ನೇ ಬೇಕು, ಅದೂ ಈ ತಿಂಗಳೊಳಗೆ. ಇಲ್ಲದಿದ್ದರೆ ಕೆಲಸ ಮೈಸೂರಿನವರ ಪಾಲು.

“ಮೂರು ಕಡೆ ನೋಡಾನ, ನಾಗಣ್ಣ,” ಅಂದ ಅಪ್ಪು. “ನೀವು ಹೂಂ ಅಂದ್ರೆ ತಗೊಳ್ಳಾನ. ಊಹೂಂ ಅಂದ್ರೆ ಬುಡಾನ. ನಿಮ್ ಮಾತೇ ಕೊನೆ.”

ಜೊತೆಗೆ ಹೇಮಶ್ರೀಯನ್ನೂ ಕರಕೊಂಡ. ತಯಾರಾದ ಮಾಲು ಅಳತೆಗೆ ಸರಿಯಿದೆಯಾ ಅಂತ ನೋಡೋ ಕೆಲಸ ಅವಳದು. ಡಿಪ್ಲೊಮಾ ಓದಿದವಳು, ದಿನಾ ಕಿರುಗಾವಲಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ನಾಗಯ್ಯನಿಗೆ ಅವಳು ಅಂದರೆ ಒಂದು ಕುರ್ಚಿ, ಒಂದು ಫ್ಯಾನು, ಅಷ್ಟೇ. “ಬರ್ಲಿ ಬುಡಿ, ಬರೆಯಾಕೆ ಒಬ್ರು ಬೇಕಲ್ಲ,” ಅಂದ.

ಮೊದಲು ಬೆಂಗಳೂರಿನ ಶೋರೂಮು. ಟೈ ಕಟ್ಟಿದ ಸೇಲ್ಸಿನವನು ಕಾಫಿ ಕೊಟ್ಟು, ಮಿಷಿನ್ನಿನ ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯ ನೆಟ್ಟಗೆ ನಿಲ್ಲಿಸಿ, ಮೇಜನ್ನು ಅತ್ತಿತ್ತ ಓಡಿಸಿದ. ನಾಣ್ಯ ಬೀಳಲಿಲ್ಲ.

“ದೊಂಬರಾಟ,” ಅಂದ ನಾಗಯ್ಯ.

ಆಮೇಲೆ ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಗಣೇಶನನ್ನು ಕೆತ್ತಿ ಕೊಟ್ಟರು. ಅಪ್ಪು ಕಣ್ಣಿಗೊತ್ತಿಕೊಂಡ. ನಾಗಯ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಇಟ್ಟ. “ನಾವೇನು ಗಣೇಸನ ಯಾಪಾರ ಮಾಡೋರಾ? ಬೆಣ್ಣೆ ಕುಯ್ದು ತೋರುಸ್ಬೇಡಿ, ಬೀಡು ಕುಯ್ದು ತೋರ್ಸಿ.” ತಾನು ತಂದಿದ್ದ ಬೀಡಿನ ತುಂಡು ಹಾಕಿಸಿ ಕೊರೆಸಿದ. ಚೆನ್ನಾಗೇ ಕೊರೆಯಿತು. ಅದನ್ನೂ ಹೇಳಲಿಲ್ಲ ಪುಣ್ಯಾತ್ಮ. ಪೆಟ್ಟಿಗೆ ಬಿಚ್ಚಿ, ಬಾರು ಸಿಗಿಸಿ, ಡಯಲ್ ಮುಟ್ಟಿಸಿ ಕೈಯಲ್ಲಿ ಮೆಲ್ಲಗೆ ತಿರುಗಿಸಿದ. ಮುಳ್ಳು ನಲವತ್ತು ಮೈಕ್ರಾನ್ ಆಡಿತು. ತಲೆಕೂದಲಿನ ದಪ್ಪ ಎಪ್ಪತ್ತು ಅಂದರೆ ನೀವೇ ಲೆಕ್ಕ ಹಾಕಿ. ಸಾಮಾನ್ಯರಿಗೆ ಏನೂ ಅಲ್ಲ, ಈ ಕಸುಬಿನಲ್ಲಿ ಅದು ಸಾವು.

“ಸಾರ್, ನಮ್ಮ ಬಾರು ಹಾಕಿ ಒಂದ್ಸಲ ನೋಡೋಣ,” ಅಂದ ಸೇಲ್ಸಿನವನು, ಮುಖ ಸಣ್ಣಗಾಗಿ.

“ನಿಮ್ ಬಾರು ನೀವು ಹೇಳ್ಕೊಟ್ಟಂಗೆ ಕೇಳ್ತದೆ. ಊಹೂಂ. ನಡೀರಿ ಯಜಮಾನ್ರೆ.”

ಮಾರನೇ ದಿನ ಮೈಸೂರು. ಬೇರೆ ಕಂಪನಿ, ಬೇರೆ ಮಿಷಿನ್ನು. ಅಲ್ಲೂ ಮುಳ್ಳು ನಲವತ್ತು. “ಸುಣ್ಣ ಬಣ್ಣ ಬಳಿದು ಗುಜರಿ ಮಾರ್ತಾವ್ರೆ, ಇವರ ಮನೆ ಹಾಳಾಗ,” ಅಂತ ಶ್ರೀರಂಗಪಟ್ಟಣ ದಾಟೋವರೆಗೂ ಉಗಿದ. ಹಿಂದಿನ ಸೀಟಿನಿಂದ ಹೇಮಶ್ರೀ ಮೆಲ್ಲಗೆ ಕೇಳಿದಳು, “ಸಾರ್, ಎರಡಕ್ಕೂ ಸರಿಯಾಗಿ ನಲವತ್ತೇ ಬಂತಲ್ಲಾ?”

“ಬರ್ಕೊಂಡಿದ್ದೀಯಲ್ಲಮ್ಮ? ಅಷ್ಟು ಸಾಕು.”

ಉಳಿದದ್ದು ಮಳವಳ್ಳಿಯ ಒಂದು ಸೆಕೆಂಡ್ ಹ್ಯಾಂಡ್ ಮಿಷಿನ್ನು. ತಿಂಗಳು ಮುಗಿಯೋಕೆ ಆರು ದಿನವಿತ್ತು. ಮಾರೋನು ಪುಟ್ಟರಾಜು, ಶೀಟು ಹೊದಿಸಿದ ಶೆಡ್ಡಿನಲ್ಲಿ ಒಬ್ಬನೇ ಹನ್ನೊಂದು ವರ್ಷ ಅದನ್ನು ನಡೆಸಿದವನು. ಸೊಂಟ ಹೋಗಿ ನಿಲ್ಲೋಕಾಗದೆ ಮಾರೋಕೆ ಹೊರಟಿದ್ದ. ಮಿಷಿನ್ನಿಗೆ ಹಳೇ ಜಮಖಾನ ಹೊದಿಸಿದ್ದ. ಅದನ್ನು ತೆಗೆದಾಗ ಒಳಗೆ ಒಂದು ಚೂರು ತುಕ್ಕಿರಲಿಲ್ಲ.

ನಾಗಯ್ಯ ಸುತ್ತ ಮೂರು ಸಲ ತಿರುಗಿದ. ಕಿವಿಗೊಟ್ಟು ಸ್ಪಿಂಡಲ್ಲಿನ ಸದ್ದು ಕೇಳಿದ. ಬೀಡು ಕೊರೆಸಿ ತೂತಿನೊಳಗೆ ಬೆರಳಾಡಿಸಿದ. ತಪ್ಪು ಸಿಗಲಿಲ್ಲ, ಸಿಗದೆ ಅವನಿಗೆ ಸಿಟ್ಟೇ ಬಂತು. ಆಮೇಲೆ ಬಾರು ಹಾಕಿದ. ಮುಳ್ಳು ನಲವತ್ತಕ್ಕೆ ಹೋಗಿ ನಿಂತಿತು.

“ನಾ ಹೇಳ್ನಿಲ್ವಾ?” ಅಂತ ಗೆದ್ದವನಂಗೆ ನಕ್ಕ. “ಲೇ ಪುಟ್ಟರಾಜು, ಜಮಖಾನ ಹೊದ್ಸುದ್ರೆ ಹೆಣ ಎದ್ದು ಕೂತ್ಕಂಡಾದೇನ್ಲಾ? ತೂಕಕ್ಕೆ ಹಾಕು ಇದನ್ನ.”

ಪುಟ್ಟರಾಜುವಿನ ಮುಖ ಕಪ್ಪಿಟ್ಟಿತು. ಅವನಿಗೆ ತನ್ನ ಮಿಷಿನ್ನು ಗೊತ್ತಿತ್ತು, ಆದರೆ ಮುಳ್ಳಿನ ಎದುರು ಏನಂತ ಹೇಳೋದು? ಅಪ್ಪು ತಲೆ ಮೇಲೆ ಕೈಯಿಟ್ಟುಕೊಂಡ. ಮೂರನೇದೂ ಹೋಯಿತು ಅಂದರೆ ಆರ್ಡರೂ ಹೋಯಿತು.

ಆಗ ಹೇಮಶ್ರೀ ಮುಂದೆ ಬಂದಳು. “ಸಾರ್, ಬಾರನ್ನ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕಿ ನೋಡಾನ. ಸೊಟ್ಟ ಸ್ಪಿಂಡಲ್ಲಿಂದಾದ್ರೆ ಮುಳ್ಳು ಏಳೋ ಜಾಗ ಬದಲಾಗಕಿಲ್ಲ.”

“ಬದಲಾದ್ರೆ?”

“ತಪ್ಪು ಬಾರಿಂದು, ಸಾರ್.”

“ನಾ ಗ್ರೈಂಡ್ ಮಾಡಿದ್ ಬಾರು ಕಣಮ್ಮ ಅದು! ನೀನು ಹುಟ್ಟಿದ್ಯೋ ಇಲ್ವೋ ಆವಾಗ.” ಅವಳಿಗೆ ಬುದ್ಧಿ ಕಲಿಸೋಕೆ ಅಂತಲೇ ಸರಿ, ಮಾಡೇ ಬಿಡೋಣ ಅಂದ. ಮುಳ್ಳು ಎದ್ದ ಕಡೆ ಅವಳು ಸ್ಪಿಂಡಲ್ಲಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಳು. ಗೆರೆ ‘ನಾ’ ಅಕ್ಷರದ ನೇರಕ್ಕೇ ಬಂತು. ನಾಗಯ್ಯ ಬಾರು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಸಿಗಿಸಿ, ಸ್ಪಿಂಡಲ್ ತಿರುಗಿಸಿದ. ಸುಣ್ಣದ ಗೆರೆ ಡಯಲ್ ಮುಂದೆ ಬಂದಾಗ ಮುಳ್ಳು ಮಲಗಿತ್ತು. ‘ನಾ’ ಬಂದಾಗ ನಲವತ್ತಕ್ಕೆ ಎದ್ದಿತು.

ಇನ್ನೊಂದು ಸಲ ತಿರುಗಿಸಿದ. ಮತ್ತೆ ‘ನಾ’.

ಮುಳ್ಳು ಎದ್ದದ್ದೆಲ್ಲಿ ಅಂತ ಅಲ್ಲಿದ್ದ ನಾಲ್ವರಲ್ಲಿ ಡಯಲಿನ ಹತ್ತಿರವಿದ್ದ ಇಬ್ಬರಿಗೇ ಕಂಡಿದ್ದು. ಅಪ್ಪು, ಪುಟ್ಟರಾಜು ಇಬ್ಬರೂ ದೂರದಲ್ಲಿ ಪೆಚ್ಚಾಗಿ ನಿಂತಿದ್ದರು. ಹೇಮಶ್ರೀ ಬಾಯಿ ಬಿಡಲಿಲ್ಲ, ನಗಲೂ ಇಲ್ಲ, ಪುಸ್ತಕ ಮುಚ್ಚಿ ನಿಂತಳು. ಅವಳು ನಾಲ್ಕು ಮಾತು ಆಡಿಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ನಾಗಯ್ಯನಿಗೆ. ಬಾರನ್ನು ಇಳಿಸಿ ಬುಡದ ಮೇಲೆ ಉಗುರಾಡಿಸಿದ. ಒಂಬತ್ತು ಆಯುಧಪೂಜೆಯ ಬೊಟ್ಟು ಎಣ್ಣೆ ಕುಡಿದು, ಒಣಗಿ, ಕಂದು ಬಣ್ಣದ ಮೆರುಗಿನಂಗೆ ಕಚ್ಚಿಕೊಂಡಿತ್ತು. ಬುಡದಲ್ಲಿ ಕೂದಲಿನ ಹತ್ತನೇ ಒಂದು ಪಾಲು ಎತ್ತಿದರೂ ಮೊಳದಾಚೆಯ ತುದಿ ಎಲ್ಲಿಗೆ ಹೋಗುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಊಹೂಂ ಅಂದು ಪೆಟ್ಟಿಗೆ ಮುಚ್ಚಬಹುದಿತ್ತು. ಆ ಹುಡುಗಿಯ ಮಾತನ್ನು ಅವನೆದುರು ಯಾರು ನಂಬೋರು? ಥೂ, ಆ ಯೋಚನೆ ಬಂದದ್ದೂ ಸುಳ್ಳಲ್ಲ. ಆದರೆ ಜನರ ಬಗ್ಗೆ ಬಾಯಿಗೆ ಬಂದಂಗೆ ಮಾತಾಡುತ್ತಿದ್ದ ನಾಗಯ್ಯ, ಮುಳ್ಳು ತೋರಿಸಿದ್ದನ್ನು ಮಾತ್ರ ಯಾವತ್ತೂ ತಿರುಚಿ ಹೇಳಿದವನಲ್ಲ.

“ಪುಟ್ಟರಾಜು, ಒಸಿ ಥಿನ್ನರ್ ಕೊಡಪ್ಪ,” ಅಂದ.

ಬಟ್ಟೆ ಕೆಂಪಾಗೋವರೆಗೂ ಉಜ್ಜಿದ. ಬಾರು ಹಾಕಿದ. ಮುಳ್ಳು ನಾಲ್ಕಕ್ಕೆ ನಿಂತಿತು.

“ಮಿಷಿನ್ ಚೆನ್ನಾಗದೆ. ಕೊಳಕು ನನ್ ಬಾರಲ್ಲಿತ್ತು.”

ಅಪ್ಪುವಿಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯಿತು. “ಮತ್ತೆ ಬೆಂಗಳೂರಿಂದು? ಮೈಸೂರಿಂದು?”

“ಅವೂ ಚೆನ್ನಾಗಿದ್ದೊ.”

ಪುಟ್ಟರಾಜು ಜಮಖಾನ ಎತ್ತಿ ಮಿಷಿನ್ನಿನ ಮೇಲೆ ಎಳೆಯತೊಡಗಿದ. “ಕೊಡ್ತೀನಿ ಅಪ್ಪು ಅಣ್ಣ, ಮಾತು ಕೊಟ್ಟಿದ್ದೀನಿ. ಆದ್ರೆ ಒಂದು. ಹನ್ನೊಂದ್ ವರ್ಸ ಅನ್ನ ಹಾಕಿದ್ದನ್ನ ಹೆಣ ಅಂದ ಕೈ ಇದನ್ನ ಮುಟ್ಟಂಗಿಲ್ಲ. ಈ ಹೆಣ್ಮಗಳು ನಡುಸ್ತೀನಿ ಅಂದ್ರೆ ಇವತ್ತೇ ಕ್ರೇನ್ ಕರ್ಸಿ. ಇಲ್ಲಾ ಅಂದ್ರೆ ಎದ್ದು ನಡೀರಿ.” ನಾಗಯ್ಯನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಹೇಮಶ್ರೀ ಯಜಮಾನನ ಮುಖ ನೋಡಿದಳು. ಅಪ್ಪು ನಾಗಯ್ಯನ ಮುಖ ನೋಡಿದ. ಪಾಪ, ಅಭ್ಯಾಸಬಲ.

“ಏನಂತೀರಿ, ನಾಗಣ್ಣ?”

ನಾಗಯ್ಯ ಬಾರಿಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಕೈಯಲ್ಲಿ ಕುಂಕುಮದ ಬಟ್ಟೆ ಇನ್ನೂ ಇತ್ತು, ಎಲ್ಲಿ ಬಿಸಾಕೋದು ಅಂತ ತಿಳಿಯದೆ ಜೇಬಿಗೆ ತುರುಕಿಕೊಂಡ.

“ಹೂಂ,” ಅಂದ.