ಅತ್ತೆಯ ಬಸಿಗಾಲುವೆ

ಮೊನ್ನೆ ಮಕ್ತಲ್‌ಗೆ ಹೊರಟವನು ಚಪ್ಪಲಿ ಮೆಟ್ಟಲು ಹೋದರೆ ಅದರ ಅಂಚಿಗೆಲ್ಲ ಬಿಳಿ ಹುಡಿ ಹತ್ತಿಕೊಂಡಿತ್ತು. ಸುಣ್ಣ ತುಳಿದಿರಬೇಕು ಎಂದಳು ಹೆಂಡತಿ. ನಾನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ತಾಗಿಸಿದೆ. ಐವತ್ತು ದಾಟಿದವನು ಚಪ್ಪಲಿಯ ಧೂಳಿನ ರುಚಿ ನೋಡುವುದು ಚಂದವಲ್ಲ, ಒಪ್ಪುತ್ತೇನೆ. ಅದು ಉಪ್ಪು. ಹಿಂದಿನ ದಿನ ನರಸಮ್ಮತ್ತೆಯ ಹೊಲದಲ್ಲಿ ಅಡ್ಡಾಡಿ ಬಂದಿದ್ದೆ. ಮಕ್ತಲ್‌ಗೆ ಹೋಗುವುದು ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ.

ನರಸಮ್ಮತ್ತೆ ನನ್ನ ಅಪ್ಪನ ತಂಗಿ. ನಾರಾಯಣಪೇಟೆಯಲ್ಲಿ ಸೀರೆ ನೇಯುವವರ ಮನೆಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ನರ್ವದ ಹತ್ತಿರದ ನಮ್ಮ ಊರಿಗೆ ಬಂದಳು. ಅಪ್ಪ ಅವಳ ಪಾಲಿಗೆಂದು ತಗ್ಗಿನ ಸವಳು ಹೊಲ ಬಿಟ್ಟುಕೊಟ್ಟ. ನಮ್ಮ ಮನೆಯಲ್ಲಿ ಅದನ್ನು ದೊಡ್ಡ ಔದಾರ್ಯವೆಂಬಂತೆ ಹೇಳುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ನೆಲವೆಲ್ಲ ಬೆಳ್ಳಗೆ ಉಪ್ಪೇಳುತ್ತಿತ್ತು. ಬಟ್ಟೆ ಒಗೆಯಲು ಜನ ಆ ಮಣ್ಣನ್ನು ಬುಟ್ಟಿಯಲ್ಲಿ ಒಯ್ಯುತ್ತಿದ್ದರು. ಅಂಥಾದ್ದನ್ನು ಕೊಟ್ಟು ಹೆಸರು ತೆಗೆದುಕೊಂಡವರು ನಾವು.

ಅಲ್ಲಿ ಅತ್ತೆ ಭತ್ತ ಬೆಳೆದಳು. ನಾಟಿಗೆ ಮೊದಲು ಹೊಲದ ತುಂಬ ಕೆರೆಯ ನೀರು ಕಟ್ಟಿ, ಕಾಲಿನಿಂದ ಕಲಸಿ, ಒಂದು ದಿನ ನಿಲ್ಲಿಸಿ, ಆ ನೀರನ್ನೆಲ್ಲ ಬಸಿಗಾಲುವೆಗೆ ಬಿಟ್ಟುಬಿಡುವಳು. ಮತ್ತೆ ಕಟ್ಟುವಳು, ಮತ್ತೆ ಬಿಡುವಳು. ಊರವರು ನಗುತ್ತಿದ್ದರು. ನಾನೂ ನಕ್ಕವನೇ.

"ಬಣ್ಣ ಹಾಕಿದ ನೂಲು ಒಂದ ನೀರಿಗೆ ಹೆಚ್ಚಿನ ಬಣ್ಣ ಬಿಡತೈತೇನು?" ಎನ್ನುತ್ತಿದ್ದಳು. "ನೀರು ತಿಳಿ ಆಗೂತನಕ ಜಾಲಿಸಬೇಕು. ಮಣ್ಣೂ ಹಂಗ."

ಎಳೆಯ ಸಸಿ ಉಪ್ಪಿಗೆ ಸುಟ್ಟುಹೋಗುತ್ತದೆಂದು ಬಲಿತ ಸಸಿಯನ್ನೇ, ಒಂದೊಂದು ಕಡೆಗೆ ನಾಲ್ಕೈದು ಸೇರಿಸಿ ಊರುತ್ತಿದ್ದಳು. ಅನ್ನ ದಪ್ಪ, ಸ್ವಲ್ಪ ಕೆಂಪು. ಜೋಳದ ರೊಟ್ಟಿ ತಿಂದು ಬೆಳೆದ ನಾವು ಹಬ್ಬವಲ್ಲದ ದಿನವೂ ಅನ್ನ ಉಂಡದ್ದು ಅವಳ ಮನೆಯಲ್ಲಿ. ಕರೆಯದಿದ್ದರೂ ಹೋಗಿ ಕೂರುತ್ತಿದ್ದೆವು.

ಆಮೇಲೆ ನಮ್ಮ ಕಡೆಗೂ ನೀರಾವರಿ ಕಾಲುವೆ ಬಂತು. ನಮ್ಮ ಜನ ನೀರು ಕಂಡವರಲ್ಲ, ಇದು ನಿಮಗೆ ಗೊತ್ತಿರಬೇಕು. ಮುಖ ತೊಳೆದ ನೀರನ್ನು ಬದನೆ ಗಿಡಕ್ಕೆ ಹಾಕದಿದ್ದರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಅಂಥವರಿಗೆ ಹೊಲದಿಂದ ನೀರು ಹೊರಗೆ ಬಿಡುವುದೆಂದರೆ ಅನ್ನ ಚೆಲ್ಲಿದಷ್ಟೇ ಪಾಪ. ಅತ್ತೆಯ ಬಸಿಗಾಲುವೆ ನಮ್ಮ ಹೊಲದ ಅಂಚಿನಲ್ಲಿ ಹಾದು ಹಳ್ಳ ಸೇರುತ್ತಿತ್ತು. ಅಣ್ಣ ಮತ್ತು ನಾನು ಜೇಸಿಬಿ ತರಿಸಿ ಒಂದೇ ಬೆಳಿಗ್ಗೆ ಅದನ್ನು ಮುಚ್ಚಿಸಿದೆವು. ಸಿಕ್ಕ ನೆಲ ನಾಲ್ಕು ಸಾಲು ಸಸಿಗೆ ಸಾಕಾಯಿತು.

ಅತ್ತೆ ಬದುವಿನ ಮೇಲೆ ನಿಂತು ಕೇಳಿದಳು: "ನೀರು ಹೋಗಾಕ ದಾರಿ ಬ್ಯಾಡೇನಪ್ಪಾ?"

"ಬರಾಕ ದಾರಿ ಸಿಕ್ಕೈತಿ. ಹೋಗಾಕ ಯಾಕತ್ತಿ?" ಎಂದೆ. ನನ್ನ ಮಾತಿಗೆ ಜೇಸಿಬಿಯವನೂ ನಕ್ಕ. ಎಷ್ಟು ಜಾಣನೆಂದುಕೊಂಡಿದ್ದೆ ನನ್ನನ್ನು ನಾನು.

ಮೇಲಿನ ಹೊಲಗಳ ನೀರೆಲ್ಲ ಅವಳ ತಗ್ಗಿಗೆ ಬಸಿದು ನಿಂತಿತು, ಉಪ್ಪೂ ನಿಂತಿತು. ಮೊದಲ ವರ್ಷ ಸಸಿಯ ತುದಿ ಕಂದಿತು, ಮರುವರ್ಷ ಹೊಲದ ನಡುವೆ ಬೋಳು ತೇಪೆಗಳೆದ್ದವು, ಆಮೇಲೆ ಏನೂ ಏಳಲಿಲ್ಲ. ಸವಳು ಹೋಗಲೆಂದು ಜಿಪ್ಸಂ ಹಾಕಿಸಿದೆವು. ಕರಗಿದ ಉಪ್ಪು ಹೋಗುವುದಾದರೂ ಎಲ್ಲಿಗೆ? ಗೊಬ್ಬರದ ಅಂಗಡಿಯವನು "ಅದಿ ಚೌಡು ಪೊಲಂ" ಎಂದು ತೆಲುಗಿನಲ್ಲಿ ಹೇಳಿ ಕೈ ಕೊಡವಿದ. ನಾವು ಅದನ್ನೇ ಕನ್ನಡದಲ್ಲಿ ಊರೆಲ್ಲ ಹೇಳಿಕೊಂಡು ತಿರುಗಿದೆವು, ಸವಳು ಹೊಲ, ಅದರ ಗುಣವೇ ಹಾಗೆ ಎಂದು. ಕಾಲುವೆ ಕಟ್ಟಿಸಿದವರ ಮೇಲೂ ನನಗೆ ಸಿಟ್ಟಿದೆ: ನೀರು ತರುವ ದಾರಿ ಅಳೆದವರು ಕಳಿಸುವ ದಾರಿ ಅಳೆಯಲಿಲ್ಲ. ಆದರೆ ಅವರು ದೂರದವರು. ಮುಚ್ಚಿದವನು ಮನೆಯವನು.

ಅತ್ತೆ ಕೂಲಿಗೆ ಹೋಗತೊಡಗಿದಳು. ಈ ಸಲ ನಮ್ಮ ಹೊಲದಲ್ಲೂ ನಾಟಿ ಮಾಡಿದಳು, ಆ ನಾಲ್ಕು ಸಾಲುಗಳಲ್ಲಿ ಬಗ್ಗಿ. ಮೊನ್ನೆ ನಾನು ಕಟ್ಟೆಯ ಮೇಲೆ ಕೂತು ಯೋಚಿಸಿದ್ದು ಇದನ್ನೇ. ಅವಳಿಗೆ ಚಹಾ ತಂದುಕೊಟ್ಟು ದೊಡ್ಡ ಮನಸ್ಸಿನವನಂತೆ ನಿಂತಿದ್ದೆನಲ್ಲ, ನಾಚಿಕೆಯಿಲ್ಲದವನು.

ಎದ್ದು ಸಲಿಕೆ ಹಿಡಿದು ಹೋದೆ. ತೆನೆ ಹಾಲುದುಂಬಿತ್ತು. ಆ ನಾಲ್ಕರಲ್ಲಿ ಮೊದಲ ಸಾಲನ್ನೇ ಬುಡಸಮೇತ ಕಿತ್ತು, ಮುಚ್ಚಿದ ಬಸಿಗಾಲುವೆ ತೋಡತೊಡಗಿದೆ. ಅಣ್ಣ ಬದುವಿನ ಮೇಲಿಂದ "ತಲಿ ಕೆಟ್ಟೈತೇನಲೇ ನಿನಗ?" ಎಂದು ಬೈದು, ಕೈ ಹಿಡಿಯಲು ಧೈರ್ಯ ಸಾಲದೆ ಹೋದ. ಸುದ್ದಿ ಮುಟ್ಟಿ ಅತ್ತೆ ಬಂದಳು. ಕಿತ್ತ ಪೈರನ್ನು ನೋಡಿದಳು.

"ಕೊಯ್ಲಾದ ಮ್ಯಾಲ ತೋಡಬೇಕಿತ್ತಪ್ಪ."

"ಅಲ್ಲೀತನಕ ನನ್ನ ಸಿಟ್ಟು ಇಳದುಬಿಡತೈತಿ, ಅತ್ತಿ. ಆಮ್ಯಾಲ ನಾನು ತೋಡಂಗಿಲ್ಲ."

ಅವಳು ಸಮಾಧಾನದ ಹೆಂಗಸೆಂದು ಊರೆಲ್ಲ ಹೇಳುತ್ತದೆ. ನಾನೂ ಹಾಗೆಂದು ನಂಬಿ ಇಷ್ಟು ವರ್ಷ ನೆಮ್ಮದಿಯಾಗಿ ಉಂಡಿದ್ದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿಗಿಳಿದಳು.

"ನಿಂದು ಇಳದ್ರ ಇಳೀಲಿ," ಎಂದು ನನ್ನ ಕೈಯಿಂದ ಸಲಿಕೆ ಕಸಿದುಕೊಂಡಳು. "ನಂದು, ಕಾಲುವಿ ಮುಚ್ಚಿದ ದಿನದಿಂದ ಹಂಗ ಐತಿ."