ಬಲಗೈ ರೊಟ್ಟಿ, ಎಡಗೈ ನೋವು

ಹುಬ್ಬಳ್ಳಿ ಕಮರಿಪೇಟೆಯ ಬಾಳವ್ವ ಬಡಿದ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ, ಮುಖದ ಮುಂದೆ ಹಿಡಿದು ಪಂಚಾಂಗ ಓದಬಹುದಿತ್ತು. ಫ್ಯಾನಿನ ಕೆಳಗಿಟ್ಟ ರೊಟ್ಟಿಯೊಂದು ಹಾರಿ ಧಾರವಾಡದಲ್ಲಿ ಇಳಿಯಿತೆಂದು ಆಣೆ ಮಾಡುವವರೂ ಇದ್ದಾರೆ. ಹೀಗೆ ಬಡಿದೇ ಗಂಡನಿಲ್ಲದ ಮನೆ ನಡೆಸಿ, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಐವತ್ತೊಂದಕ್ಕೆ ಮುಟ್ಟು ನಿಂತಾಗ ಓಣಿಗೆಲ್ಲ ಹೋಳಿಗೆ ಹಂಚಿದಳು. “ಇನ್ನ ರಕ್ತ ಮೈಯಾಗ ಉಳೀತೈತಿ, ಹತ್ತಾಳಿನ ಶಕ್ತಿ ಬರತೈತಿ!”

ಬಂದದ್ದು ಬೆವರು. ಅದನ್ನವಳು ಒಲೆಯ ಮೇಲೆ ಹಾಕಿದಳು. ದಣಿವು ಬಂತು, ವಯಸ್ಸಿನ ಮೇಲೆ ಹಾಕಿದಳು. ಊರಿಗೆಲ್ಲ ಬಿಸಿ ರೊಟ್ಟಿ ಕೊಟ್ಟವಳು ತನ್ನ ಬಿಪಿ ನೋಡಿಸಿದ್ದು ಕೊನೆಯ ಹೆರಿಗೆಯಲ್ಲೇ.

ಎರಡು ವರ್ಷದ ಮೇಲೆ ನವನಗರದ ನಿಶ್ಚಿತಾರ್ಥವೊಂದಕ್ಕೆ ಐದುನೂರು ರೊಟ್ಟಿ ಒಪ್ಪಿಕೊಂಡಳು. ಮುನ್ನೂರು ಮುಗಿಯುವಷ್ಟರಲ್ಲಿ ಎಡಗೈ ಜಗ್ಗತೊಡಗಿತು, ಮೈ ತಣ್ಣಗೆ ಬೆವೆತಿತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ರೆಹಮತ್‌ಬಿ ಬಂದವಳು ಬಾಗಿಲಲ್ಲೇ ನಿಂತಳು.

“ಬಾಳಕ್ಕಾ, ಮಾರಿ ಯಾಕ ಬೂದಿ ಆಗೇತಿ?”

“ರೊಟ್ಟಿ ಬಡದು ಎಡಗೈ ನೋಯಾಕತ್ತೈತವಾ.”

“ನೀ ಬಡಿಯೂದು ಬಲಗೈಲೆ!”

“ದವಡೀನೂ ಹಿಡದೈತಿ.”

“ರೊಟ್ಟಿ ದವಡೀಲೆ ಬಡೀತಿಯೇನ? ಏಳು, ದವಾಖಾನಿಗೆ ನಡಿ.”

“ಇನ್ನೂ ಎರಡನೂರು ಅದಾವ. ಬೀಗರ ಮುಂದ ಅವರ ಮಾನ ಹೋಗತೈತಿ.”

“ಮಾನ ಹೋದ್ರ ತಿರುಗಿ ಬರತೈತಿ. ನೀ ಹೋದ್ರ?”

ರೆಹಮತ್‌ಬಿ ಒಲೆ ಆರಿಸಿ, ಕೈಯ ಹಿಟ್ಟು ತೊಳೆಯಲೂ ಬಿಡದೆ ಅವಳನ್ನು ಆಟೋಕ್ಕೆ ಏರಿಸಿದಳು. ಆ ಆಟೋ ಹುಬ್ಬಳ್ಳಿಯ ಅರ್ಧ ಗುಂಡಿಗಳನ್ನು ಮುಟ್ಟಲೇ ಇಲ್ಲ, ಮೇಲಿಂದಲೇ ಹಾರಿತು.

ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೊತ್ತು ಮೀರುವ ಮುನ್ನ ದವಾಖಾನೆಗೆ ಬಂದಿದ್ದರಿಂದ ನಾಳ ತೆರೆಯಲು ಸಾಧ್ಯವಾಯಿತು. ನವನಗರದ ಬೀಗರು ಅನ್ನ ಜಾಸ್ತಿ ಉಂಡು ಎದ್ದರು; ಯಾರ ಮಾನವೂ ಹೋಗಲಿಲ್ಲ.

ಮರುದಿನ ಡಾಕ್ಟರ್ ಭಾಗ್ಯಶ್ರೀ ಹಾಸಿಗೆಯ ಪಕ್ಕ ಕುಳಿತರು.

“ಒಳಗ ಉಳಿದ ರಕ್ತನ ತಿರುಗಿ ಬಿತ್ತೇನ್ರಿ?” ಎಂದು ಕೇಳಿದಳು ಬಾಳವ್ವ.

“ರಕ್ತ ಉಳಿಯೂದಿಲ್ಲ ಬಾಳವ್ವಾರ. ಮುಟ್ಟು ನಿಂತಮ್ಯಾಲ ಹೃದಯ ಕಾಯೂ ಹಾರ್ಮೋನು ಕಮ್ಮಿ ಆಗತೈತಿ. ಕೆಟ್ಟ ಕೊಬ್ಬು ಏರತೈತಿ, ನಾಳ ಬಿರುಸಾಗತಾವ, ರಕ್ತ ಲಗೂನ ಹೆಪ್ಪುಗಟ್ಟತೈತಿ. ಎದಿ ನೋಯಲೇಬೇಕಂತಿಲ್ಲ, ಕೈ, ದವಡಿ, ಬೆವರಿನಾಗೂ ಸುದ್ದಿ ಬರತೈತಿ. ವರ್ಷಕ್ಕೊಮ್ಮೆ ಬಿಪಿ, ಸಕ್ಕರಿ, ಕೊಬ್ಬು ನೋಡಿಸಬೇಕ್ರಿ.”

ಬಾಗಿಲ ಬಳಿ ನಿಂತಿದ್ದ ರೆಹಮತ್‌ಬಿ ಮೆಲ್ಲಗೆ ಬಂದು ಕುರ್ಚಿ ಎಳೆದುಕೊಂಡು, ತೋಳು ಮೇಲೇರಿಸಿದಳು.

“ನಂದು ನಿಂತು ವರ್ಷಾತ್ರಿ ಡಾಕ್ಟರ್ರ. ನನ್ನ ಬಿಪಿನೂ ನೋಡ್ರಿ.”

“ಖರೇ ನೋಡ್ರಿ,” ಎಂದಳು ಬಾಳವ್ವ. “ಆಕಿಗೂ ಹಿಂಗಾದ್ರ ಆಟೋಕ್ಕ ಎತ್ತಿಹಾಕೂ ಶಕ್ತಿ ಇನ್ನೂ ನನಗ ಬಂದಿಲ್ಲ.”